ಶಿವು, ಅಪ್ಪಾಜಿ ಮಿಷನ್ನು ಸ್ಟಾರ್ಟ್ ಆಯ್ತು ಕಣೋ

ಶಿವು,

ಫೋನ್ ಮಾಡೋಣ ಅಂತಿದ್ದೆ, ಆದ್ರೆ ಇದನ್ನ ಫೋನಲ್ಲಿ ಪೂರ್ತಿ ಹೇಳಕ್ಕೆ ಆಗಲ್ಲ ನಂಗೆ, ಮಧ್ಯದಲ್ಲೇ ಗಂಟಲು ಕಟ್ಟುತ್ತೆ, ಅದಕ್ಕೆ ಕೂತು ಬರೀತಿದೀನಿ. ಭಾನುವಾರ ಬೆಳಿಗ್ಗೆ ನಿಮ್ಮ ಅಪ್ಪಾಜಿ ಮರ ಕುಯ್ಯೋ ಮಿಷನ್ನು, ಆ ಹಳೇ ಚೈನ್ ಸಾ, ಸ್ಟಾರ್ಟ್ ಆಯ್ತು. ಏಳನೇ ಸಲ ಹಗ್ಗ ಎಳ್ದಾಗ ಡುಬ್ ಅಂತ ಒಂದ್ಸಲ ಅಂದು ಸುಮ್ನಾಯ್ತು, ಚೋಕ್ ತೆಗ್ದು ಇನ್ನೊಂದ್ ಎಳ್ದೆ, ಹಿಡ್ಕೊಂಡ್ತು. ಶೆಡ್ಡೆಲ್ಲಾ ನೀಲಿ ಹೊಗೆ. ಆ ಸೌಂಡು ನಿಂಗೇ ಗೊತ್ತಲ್ಲ, ಈಗಿನ ಚೈನ್ ಸಾ ಥರ ಕಿರ್ ಅನ್ನಲ್ಲ ಅದು, ಎದೆಗೆ ಬಡ್ಯೋ ಥರ ದಪ್ಪಗೆ ಗುಡುಗುತ್ತೆ. ಪಕ್ಕದ್ಮನೆ ಆಂಟಿ ಓಡಿ ಬಂದು ಏನಾಯ್ತಪ್ಪ ಅಂದ್ರು.

ಎರಡು ವರ್ಷದ ಹಿಂದೆ ಮಳವಳ್ಳಿ ಮನೆ ಖಾಲಿ ಮಾಡೋವಾಗ ಆ ಮರದ ಪೆಟ್ಟಿಗೆ ನನ್ನ ಗಾಡಿಗೆ ಹಾಕ್ಸಿ, ಬೇಕಾದ್ರೆ ಇಟ್ಕೋ ಇಲ್ಲಾಂದ್ರೆ ಮಂಡಿ ಮೊಹಲ್ಲಾ ಗುಜರಿಗೆ ಹಾಕ್ಬಿಡು ಅಂದೆ ನೀನು. ನಾನು ಏನೂ ಮಾತಾಡ್ಲಿಲ್ಲ. ಸ್ಟಿಲ್ ಕಂಪನಿಯ 070 ಕಣೋ ಅದು, 106 ಸಿಸಿ, ಒಂದೇ ಸಿಲಿಂಡರು, ಬಾರ್, ಅಂದ್ರೆ ಚೈನ್ ಓಡೋ ಉದ್ದನೇ ಪಟ್ಟಿ, ಇಲ್ದೇನೇ ಹತ್ತು ಕೆಜಿ ಮೇಲೆ ತೂಗುತ್ತೆ. ಹುಣಸೂರು ಕಡೆಯ ಸಾಮಿಲ್ಲುಗಳಲ್ಲಿ, ಕೊಡಗಿನ ತೋಟಗಳಲ್ಲಿ ಹುಡುಕಿ ಹುಡುಕಿ ಇಂಥವನ್ನ ತರ್ತೀನಿ ನಾನು, ನೀನು ಅದನ್ನ ಗುಜರಿಗೆ ಹಾಕು ಅಂತೀಯ. ನಿನ್ನ ತಪ್ಪಲ್ಲ ಬಿಡು. ನಿಮ್ಮನೇಲಿ ಆ ಮಿಷನ್ ಅಂದ್ರೆ ಏನು ನೆನಪು ಬರುತ್ತೆ ಅಂತ ನಂಗೊತ್ತು.

ಈ ಪತ್ರ ಅದಕ್ಕೇ. ಆ ದಿನ ಅಪ್ಪಾಜಿ ಆಯಿಲ್ ಹಾಕೋದು ಮರ್ತಿರ್ಲಿಲ್ಲ ಶಿವು.

ಹುಣಸೆ ಮರ ಕುಯ್ತಿದ್ದಾಗ ಮಿಷನ್ನು ಒಳಗೇ ಹಿಡ್ಕೊಂಡು, ಜಾಮ್ ಆಗಿ, ನಿಂತೋಯ್ತು, ನಿನ್ನ ತಮ್ಮ ಎಲ್ಲರ ಮುಂದೆ "ವಯಸ್ಸಾಯ್ತು ನಿಂಗೆ, ಬರೀ ಪೆಟ್ರೋಲ್ ಸುರ್ದಿದೀಯ" ಅಂದ, ಅಪ್ಪಾಜಿ ಒಂದು ಮಾತೂ ಎದುರಾಡ್ಲಿಲ್ಲ, ಮಿಷನ್ನ ಪೆಟ್ಟಿಗೆಗೆ ಹಾಕಿ ಮುಚ್ಚಿದ್ರು, ಆಮೇಲೆ ಕೊನೇವರ್ಗೂ ಮರದ ಕೆಲಸಕ್ಕೆ ಹೋಗ್ಲಿಲ್ಲ. ಇಷ್ಟು ನೀನೇ ಹೇಳಿದ್ದು. ಪ್ರಾಯಶಃ ಅವ್ರೂ ನಾನೇ ಮರ್ತೆನೇನೋ ಅಂದ್ಕೊಂಡೇ ಹೋದ್ರು ಅನ್ಸುತ್ತೆ, ಅದು ನಂಗೆ ತುಂಬಾ ಸಂಕಟ.

ನಿಂಗೆ ಗೊತ್ತಿರೋದೇ ಆದ್ರೂ ಹೇಳ್ತೀನಿ. ಟೂ ಸ್ಟ್ರೋಕ್ ಇಂಜಿನ್ನಿಗೆ ಈಗಿನ ಬೈಕ್ ಕಾರಿನ ಥರ ಕೆಳಗೆ ಬೇರೆ ಆಯಿಲ್ ಇರಲ್ಲ, ಪೆಟ್ರೋಲಲ್ಲಿ ಬೆರ್ಸಿರೋ ಆಯಿಲ್ಲೇ ಒಳಗಡೆ ಹೋಗಿ ಬೇರಿಂಗು, ಕನೆಕ್ಟಿಂಗ್ ರಾಡು, ಪಿಸ್ಟನ್ ಎಲ್ಲಾ ನೆನೆಸ್ಬೇಕು. ಆಯಿಲ್ ಇಲ್ದೆ ಓಡ್ಸಿದ್ರೆ ಪಿಸ್ಟನ್ ಸುತ್ತಾ ನಾಲ್ಕೂ ಕಡೆ ಗೀರು ಬೀಳುತ್ತೆ, ಕೆಳಗಿನ ಬೇರಿಂಗೂ ಒಣಗಿ ಹಾಳಾಗಿರುತ್ತೆ. ನಾನು ಸಿಲಿಂಡರ್ ಬಿಚ್ಚಿದಾಗ ಗೀರು ಇದ್ದಿದ್ದು ಸೈಲೆನ್ಸರ್ ಕಡೆ ಮಾತ್ರ. ಆ ಕಡೆ ಉದ್ದುದ್ದಕ್ಕೆ ಉಗುರಲ್ಲಿ ಪರಚ್ದಂಗೆ. ತಿರುಗ್ಸಿದ್ರೆ ಕಾರ್ಬುರೇಟರ್ ಕಡೆ ನುಣ್ಣಗೆ ಹೊಳೀತಿದೆ. ಬೆರಳು ಹಾಕಿ ಬೇರಿಂಗ್ ಮುಟ್ಟಿದ್ರೆ ಇಷ್ಟು ವರ್ಷ ಆದ್ಮೇಲೂ ಬೆರಳ ತುದಿಗೆ ಜಿಡ್ಡು ಹತ್ತಿತು.

ನಂಗೆ ಅನುಮಾನ ಬಂತು, ಆದ್ರೆ ನನ್ನ ಲೆಕ್ಕ ನಂಬೋದು ಬೇಡ ಅಂತ ಪಿಸ್ಟನ್ನ ಪೇಪರಲ್ಲಿ ಸುತ್ಕೊಂಡು ಯಾದವಗಿರೀಲಿರೋ ಯಜಮಾನ್ರ ಹತ್ರ ಹೋದೆ. ಅವ್ರ ವಿಷ್ಯ ನಿಂಗೆ ಹೇಳಿದ್ದೆ ಅನ್ಸುತ್ತೆ, ಐಡಿಯಲ್ ಜಾವಾ ಫ್ಯಾಕ್ಟ್ರೀಲಿ ಇಂಜಿನ್ ಸೆಕ್ಷನ್ನಲ್ಲಿದ್ರು, 1996ರಲ್ಲಿ ಬಾಗಿಲು ಹಾಕೋವರ್ಗೂ ಇದ್ರು. 1961ರಿಂದ ಅಲ್ಲಿ ಜಾವಾ, ಆಮೇಲೆ ಯೆಜ್ಡಿ ಬೈಕುಗಳು ತಯಾರಾಗ್ತಿದ್ದಿದ್ದಕ್ಕೇ ಮೈಸೂರಲ್ಲಿ ಇವತ್ತಿಗೂ ಸೌಂಡ್ ಕೇಳಿನೇ ಟೂ ಸ್ಟ್ರೋಕಿನ ಕಾಯಿಲೆ ಹೇಳೋ ಕೈಗಳು ಇವೆ, ನಾನು ಕಲ್ತಿದ್ದೆಲ್ಲ ಅಂಥವರ ಜಗಲಿ ಮೇಲೆ. ಅವ್ರು ಕನ್ನಡಕ ಹಾಕ್ಕೊಂಡು ಪಿಸ್ಟನ್ನ ಬಿಸಿಲಿಗೆ ಹಿಡ್ದು ನಿಧಾನಕ್ಕೆ ಒಂದು ಸುತ್ತು ತಿರುಗ್ಸಿದ್ರು, ನಾನಿನ್ನೂ ಕಥೆನೇ ಹೇಳಿರ್ಲಿಲ್ಲ, "ಇದು ಆಯಿಲ್ ಇಲ್ದೆ ಹಿಡ್ದಿರೋದಲ್ಲ ಕಣಪ್ಪ, ಎಲ್ಲೋ ಗಾಳಿ ಎಳ್ಕಂಡೈತೆ, ಸೀಲ್ ನೋಡು" ಅಂದ್ರು.

ಮನೆಗೆ ಬಂದು ಎಲ್ಲಿ ಗಾಳಿ ಸೋರುತ್ತೆ ಅಂತ ನೋಡೋಕೆ ಪ್ರೆಷರ್ ಟೆಸ್ಟ್ ಮಾಡ್ದೆ. ಕಾರ್ಬುರೇಟರ್ ಜಾಗ, ಸೈಲೆನ್ಸರ್ ಜಾಗ ಎರಡೂ ಲಾರಿ ಟ್ಯೂಬ್ ತುಂಡು ಇಟ್ಟು ಪಟ್ಟಿ ಹಾಕಿ ಬಿಗಿದೆ, ನಮ್ಮಮ್ಮನ ಹಳೇ ಬಿಪಿ ಮಿಷನ್ನಿನ ಪಂಪು ಮೀಟರು ಸಮೇತ ತಂದು ಪೈಪ್ ಕೂರಿಸ್ದೆ, 300ರ ತನಕ ಒತ್ತಿದೆ, ಪ್ರೆಷರ್ ಲೆಕ್ಕದ ಬಾರಲ್ಲಿ ಹೇಳಿದ್ರೆ ಸುಮಾರು 0.4 ಆಗುತ್ತೆ ಅದು, ಇಷ್ಟು ಸಾಕು. ಮುಳ್ಳು ನಿಲ್ಲಲೇ ಇಲ್ಲ, ಜಾರ್ತಾನೇ ಹೋಯ್ತು. ಫ್ಲೈವೀಲ್ ತೆಗ್ದು ಸೋಪಿನ ನೀರು ಬ್ರಷ್ಷಲ್ಲಿ ಹಚ್ಚಿದ್ರೆ ಕ್ರ್ಯಾಂಕ್, ಅಂದ್ರೆ ಇಂಜಿನ್ ತಿರುಗ್ಸೋ ಅಚ್ಚಿನ, ಸುತ್ತಾ ಗುಳುಗುಳು ಅಂತ ಗುಳ್ಳೆ. ಅಲ್ಲಿ ಗಾಳಿ ತಡ್ಯೋ ರಬ್ಬರ್ ಸೀಲು ಕಲ್ಲಿನಂಗೆ ಗಟ್ಟಿಯಾಗಿತ್ತು, ಸ್ಕ್ರೂ ಡ್ರೈವರಲ್ಲಿ ಮೀಟಿದ್ರೆ ಬಗ್ಗೋದು ಬಿಟ್ಟು ಪುಡಿಪುಡಿಯಾಗಿ ಉದುರ್ತು. ರಬ್ಬರು ಅಲ್ವಾ, ವರ್ಷಗಟ್ಲೆ ಬಿಸಿ ತಿಂದು ಹಂಗಾಗುತ್ತೆ, ಹೊರಗಿಂದ ಯಾರಿಗೂ ಕಾಣಲ್ಲ. ಅಲ್ಲಿಂದ ಕಾರ್ಬುರೇಟರಿಗೆ ಸಂಬಂಧ ಇಲ್ದೆ ಬರೀ ಗಾಳಿ ಒಳಗೆ ಹೋಗುತ್ತೆ, ಪೆಟ್ರೋಲ್ ಸಾಲಲ್ಲ, ಪೆಟ್ರೋಲ್ ಜೊತೆ ಬರೋ ಆಯಿಲ್ಲೂ ಸಾಲಲ್ಲ, ಇಂಜಿನ್ ತಾನೇ ತಾನಾಗಿ ರೇಸ್ ಆಗುತ್ತೆ, ಬಿಸಿ ಏರುತ್ತೆ, ಸೈಲೆನ್ಸರ್ ಕಡೆ ಮೊದ್ಲೇ ಜಾಸ್ತಿ ಬಿಸಿ ಇರೋದ್ರಿಂದ ಅಲ್ಲೇ ಹಿಡ್ಕೊಳುತ್ತೆ. ಈಗ ನೆನಪು ಮಾಡ್ಕೋ, ನೀನೇ ಹೇಳಿದ್ದೆ, ಅವತ್ತು ಬೆಳಿಗ್ಗೆಯಿಂದ್ಲೇ ಕೈ ಬಿಟ್ರೂ ಮಿಷನ್ ಇಳೀತಿರ್ಲಿಲ್ಲ, ಕೂಗ್ತಾನೇ ಇತ್ತು ಅಂತ. ಅದೇ ಕಣೋ ಇದು.

ಇನ್ನೊಂದಿದೆ. ಪೆಟ್ಟಿಗೇಲಿ ಐದು ಲೀಟರ್ ಕ್ಯಾನ್ ಜೊತೆ ಒಂದು ಟಾನಿಕ್ ಬಾಟ್ಲಿ ಇತ್ತಲ್ಲ, ಜಿಡ್ಡು ಹಿಡ್ದು ಕಪ್ಪಾಗಿದ್ದು, ಅದನ್ನ ತೊಳ್ದೆ. ಗಾಜಿನ ಮೇಲೆ ತ್ರಿಕೋನ ಅರದಲ್ಲಿ ಗೀರಿರೋ ಒಂದು ಗೆರೆ ಕಾಣ್ತು. ಅಲ್ಲಿವರ್ಗೂ ನೀರು ತುಂಬಿ ಅಳತೆ ಮಾಡಿದ್ರೆ ಸರಿಯಾಗಿ 200 ಎಂಎಲ್. ಐದು ಲೀಟರಿಗೆ 200, ಅಂದ್ರೆ ಲೀಟರಿಗೆ 40, ಇಪ್ಪತ್ತೈದಕ್ಕೆ ಒಂದು, ಆಗಿನ ಕಾಲದ ಆಯಿಲ್ಲಿಗೆ ಕಂಪನಿಯವರು ಹೇಳಿದ ಲೆಕ್ಕವೇ ಅದು. ಗಾಜಿನ ಮೇಲೆ ಗೆರೆ ಎಳ್ದು ಇಟ್ಕೊಂಡಿರೋ ಮನುಷ್ಯ ಅಂದಾಜಿಗೆ ಸುರಿಯಲ್ಲ. ಬಾರ್ ನೋಡಿದ್ರೂ ಹಂಗೇ, ಎರಡೂ ಅಂಚು ಒಂದೇ ಸಮ ಸವ್ದಿದೆ, ಅಂದ್ರೆ ಆಗಾಗ ತಿರುಗ್ಸಿ ತಿರುಗ್ಸಿ ಹಾಕೋರು, ಎದ್ದಿರೋ ಚೂಪನ್ನ ಚಪ್ಪಟೆ ಅರದಲ್ಲಿ ತಿಕ್ಕಿ ಕೂರಿಸಿದಾರೆ. ಚೈನಿನ ಹಲ್ಲು ಎಡಕ್ಕಿರೋದು ಬಲಕ್ಕಿರೋದು ಒಂದೇ ಉದ್ದ, ಒಂದೇ ಓರೆ. ನಾನು ಇಷ್ಟು ವರ್ಷದಿಂದ ಅರ ಹಿಡೀತಿದೀನಿ, ನನ್ನ ಬಲಗಡೆ ಹಲ್ಲು ಇನ್ನೂ ಸ್ವಲ್ಪ ಗಿಡ್ಡ ಬರುತ್ತೆ.

ಸರಿ ಮಾಡಿದ್ದು ಹೆಂಗೆ ಅಂತ ಸ್ವಲ್ಪ ಹೇಳ್ಬಿಡ್ತೀನಿ. ಸಿಲಿಂಡರ್ ಒಳಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಅಂಟ್ಕೊಂಡಿತ್ತು ಅಷ್ಟೆ, ಕೆಳಗಿನ ಗಟ್ಟಿ ಕೋಟಿಂಗ್ ಚೆನ್ನಾಗಿತ್ತು. ಬಾತ್ರೂಮ್ ತೊಳ್ಯೋ ಆಸಿಡ್ನ ಇಯರ್ ಬಡ್ಡಲ್ಲಿ ಅದ್ದಿ ಆ ಕಲೆಗೆ ಮಾತ್ರ ಮುಟ್ಸಿ, ಬುಸ್ ಅಂತ ನೊರೆ ಬಂದ ತಕ್ಷಣ ಒರ್ಸಿ, ಮತ್ತೆ ಮುಟ್ಸಿ, ಹಿಂಗೆ ಎರಡು ಸಂಜೆ ಹೋಯ್ತು. ಪೋರ್ಟಿನ, ಅಂದ್ರೆ ಗಾಳಿ ಹೊಗೆ ಹೋಗಿ ಬರೋ ತೂತಿನ, ಅಂಚಿಗೆ ತಾಗಿದ್ರೆ ಸಿಲಿಂಡರನ್ನೇ ತಿನ್ನುತ್ತೆ, ಉಸಿರು ಬಿಗಿಹಿಡ್ದು ಮಾಡ್ಬೇಕು. ಪಿಸ್ಟನ್ನು 58 ಎಂಎಂದು ಮೊದಲು ತರ್ಸಿದ್ದು ಸರಿ ಇರ್ಲಿಲ್ಲ, ರಿಂಗನ್ನ ಸಿಲಿಂಡರಿಗೆ ಬಿಟ್ಟು ಫೀಲರ್ ಗೇಜಲ್ಲಿ ನೋಡಿದ್ರೆ ಸಂದು ಸಿಕ್ಕಾಪಟ್ಟೆ, ವಾಪಸ್ ಕಳ್ಸಿ ಬೇರೆ ತರ್ಸೋಕೆ ಮೂರು ತಿಂಗಳು. ಕಿಡಿ ಕೊಡೋ ಪಾಯಿಂಟ್ ಉಜ್ಜಿ ಸಂದು 0.4 ಎಂಎಂಗೆ ಇಟ್ಟೆ, ಕಂಡೆನ್ಸರ್ ಹೊಸದು. ಕ್ಲಚ್ ಬಿಚ್ಚೋಕೆ ಪ್ಲಗ್ ತೂತಲ್ಲಿ ನೈಲಾನ್ ಹಗ್ಗ ತುರುಕಿ ಪಿಸ್ಟನ್ನ ನಿಲ್ಸಿದೆ. ಈ ಚೈನ್ ಸಾಗಳಲ್ಲಿ ಕ್ಲಚ್ಚು ಸಾಮಾನ್ಯವಾಗಿ ಉಲ್ಟಾ ತ್ರೆಡ್ಡು, ಬಲಕ್ಕೆ ತಿರುಗ್ಸಿದ್ರೆ ಬಿಚ್ಚುತ್ತೆ, ಒಂದು ಕಾಲದಲ್ಲಿ ಅದು ಗೊತ್ತಿಲ್ದೆ ಬೇರೆ ಒಂದು ಸಣ್ಣ ಮಿಷನ್ನಿನ ಕ್ರ್ಯಾಂಕಿನ ತುದಿನೇ ಮುರ್ದಿದ್ದೆ, ಆ ಬೇಜಾರು ಇನ್ನೂ ಹೋಗಿಲ್ಲ.

ಪೆಟ್ರೋಲ್ದೇ ದೊಡ್ಡ ತಲೆನೋವು ಈಗ. 20 ಪರ್ಸೆಂಟ್ ಎಥನಾಲ್ ಇರೋ ಪೆಟ್ರೋಲು ಕಾರ್ಬುರೇಟರ್ ಒಳಗಿನ ಹಳೇ ಡಯಾಫ್ರಮ್ಮನ್ನ, ಆ ತೆಳು ಪದರನ್ನ, ಗಟ್ಟಿ ಮಾಡಿ ಸುರುಟಿಸ್ಬಿಡುತ್ತೆ, ನಿಲ್ಲಿಸಿಟ್ರೆ ನೀರು ಬೇರೆ ಎಳ್ಕೊಳುತ್ತೆ. ನಮ್ಮ ಮಂಡ್ಯದಂಥ ಕಬ್ಬಿನ ಸೀಮೆಯವ್ರು ಎಥನಾಲ್ ಬೇಡ ಅಂತ ಹೆಂಗೆ ಹೇಳೋದು, ರೈತರಿಗೆ ನಾಲ್ಕು ಕಾಸು ಬರ್ಲಿ. ನಾನು ಕೆಲಸ ಮುಗಿದ ತಕ್ಷಣ ಟ್ಯಾಂಕ್ ಬಗ್ಗಿಸಿ ಖಾಲಿ ಮಾಡಿ, ಮಿಕ್ಕಿರೋದು ಉರಿದು ತಾನಾಗಿ ನಿಲ್ಲೋವರ್ಗೂ ಓಡ್ಸಿ ಇಡ್ತೀನಿ. ನಿಮ್ಮ ಊರಲ್ಲಿ ಯಾರದ್ದಾದ್ರೂ ಔಷಧಿ ಹೊಡ್ಯೋ ಪವರ್ ಸ್ಪ್ರೇಯರ್ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಇದೊಂದು ಹೇಳು, ಅರ್ಧ ಕಾಯಿಲೆ ಇದೇ.

ಸ್ಟಾರ್ಟ್ ಆದ್ಮೇಲೆ ನೆಲದ ಮೇಲೆ ಬಿದ್ದಿದ್ದ ಒಂದು ನೀಲಗಿರಿ ದಿಮ್ಮಿ ಮಾತ್ರ ಕುಯ್ದೆ. ಬೆಣ್ಣೆ ಥರ ಇಳೀತು, ಪುಡಿ ಬರ್ಲಿಲ್ಲ, ಚಕ್ಕೆ ಚಕ್ಕೆಯಾಗಿ ಬಂತು, ಅಪ್ಪಾಜಿ ಅರ ಹಾಕಿದ್ದ ಚೈನಲ್ಲೇ, ನಾನು ಅದಕ್ಕೆ ಕೈ ಹಚ್ಚಿಲ್ಲ. ಆದ್ರೆ ಹತ್ತು ನಿಮಿಷಕ್ಕೇ ನನ್ನ ಎರಡೂ ಅಂಗೈ ಜೋಮು ಹಿಡೀತು, ಕಾಫಿ ಲೋಟ ಹಿಡಿದ್ರೆ ನಡುಗ್ತಿತ್ತು. ಇದ್ರಲ್ಲಿ ಚೈನ್ ಬ್ರೇಕ್ ಇಲ್ಲ, ಈಗಿನವಕ್ಕಿರೋ ಥರ ಹಿಡಿ ಮತ್ತೆ ಇಂಜಿನ್ ಮಧ್ಯೆ ಅದುರು ತಡ್ಯೋ ರಬ್ಬರೂ ಇಲ್ಲ, ಇಂಜಿನ್ನಿನ ಅದುರೆಲ್ಲ ನೇರ ಮೂಳೆಗೆ. ಅಪ್ಪಾಜಿ ಚಳಿಗಾಲದಲ್ಲಿ ಅಂಗಿ ಗುಂಡಿ ಹಾಕೋಕೆ ಆಗ್ದೆ ಅಮ್ಮನ್ನ ಕರೀತಿದ್ರಲ್ಲ, ಬೆರಳ ತುದಿ ಬೆಳ್ಳಗಾಗ್ತಿತ್ತಲ್ಲ, ನಾವು ವಯಸ್ಸು ಅಂದ್ಕೊಂಡಿದ್ವಿ. ವರ್ಷಾನುಗಟ್ಲೆ ಇಂಥ ಮಿಷನ್ ಹಿಡಿದವ್ರ ಬೆರಳಿನ ರಕ್ತನಾಳ, ನರ ಹಾಳಾಗಿ ಬರೋ ಕಾಯಿಲೆ ಅದು. ನಿನ್ನ ಡಿಪ್ಲೊಮಾ ಫೀಸು ಆ ಬೆರಳುಗಳಿಂದಾನೇ ಬಂದಿದ್ದು ಶಿವು. ಇದನ್ನ ಓದಿ ನಿಂಗೆ ಬೇಜಾರಾದ್ರೂ ಹೇಳ್ದೆ ಇರಕ್ಕಾಗ್ಲಿಲ್ಲ ನಂಗೆ.

ಹಂಗಾಗಿ ಈ ಮಿಷನ್ನ ಕೂಲಿ ಕೆಲಸಕ್ಕೆ ಯಾರಿಗೂ ಕೊಡಲ್ಲ, ಎಷ್ಟು ದುಡ್ಡು ಕೊಟ್ರೂ ಮಾರಲ್ಲ, ನಂದೂ ಅಲ್ವಲ್ಲ ಅದು. ನೀನು ಪುಣೆಯಿಂದ ಯುಗಾದಿಗೆ ಬರ್ತೀಯಲ್ಲ, ತಮ್ಮನ್ನೂ ಕರ್ಕೊಂಡು ಬಾ. ಅವನಿಗೆ ಬೈಯ್ಯೋಕಲ್ಲ, ಅವ್ನು ಆಗ ಹುಡುಗ, ಅವನಿಗೇನು ಗೊತ್ತಿತ್ತು. ಹಳೇ ಪಿಸ್ಟನ್ನು, ಪುಡಿಯಾದ ಸೀಲು, ಆ ಬಾಟ್ಲಿ ಮೂರೂ ತೆಗ್ದಿಟ್ಟಿದೀನಿ, ಅವನ ಕೈಗೇ ಕೊಡ್ತೀನಿ, ಅವನೇ ತಿರುಗ್ಸಿ ನೋಡ್ಲಿ. ಆಮೇಲೆ ಹಗ್ಗ ಅವನೇ ಎಳೀಲಿ. ಎಳ್ಯೋವಾಗ ಹೆಬ್ಬೆರಳು ಹಿಡಿ ಒಳಗೆ ಸುತ್ತಬೇಡ ಅಂತ ಮೊದ್ಲೇ ಹೇಳಿರು, ವಾಪಸ್ ಒದ್ಯುತ್ತೆ ಅದು.

ಬಾರ್ ಕಟ್ಟೋ ನಟ್ಟು ಎರಡರಲ್ಲಿ ಒಂದು ಇಲ್ಲ, ಸದ್ಯಕ್ಕೆ ಬೇರೆ ಯಾವ್ದೋ ಹಾಕಿದೀನಿ. ನಿಮ್ಮ ಅತ್ತಿಗೆ ಮನೆಗೆ ಹೋದ ಸಾಮಾನಲ್ಲಿ ಅಪ್ಪಾಜಿ ಮೊಳೆ ಡಬ್ಬ ಇದೆ ಅಂದಿದ್ಯಲ್ಲ, ಅದ್ರಲ್ಲಿ ಇರ್ಬೋದು, ಬರೋವಾಗ ಒಂಚೂರು ಹುಡುಕ್ಸು.

ನಿನ್ನ
ಮಾದು