ಇಂಟೀರಿಯರ್ ಡಿಸೈನರ್‌ಗೂ ನೋಂದಣಿ ಬೇಕು

ಸಂಪಾದಕರೇ,

ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಎರಡು ವರ್ಷದ ಹಿಂದೆ ಇಂಟೀರಿಯರ್ ಮಾಡಿಸಿದೆವು. ಕಾರ್ಡಿನಲ್ಲಿ ‘ಇಂಟೀರಿಯರ್ ಡಿಸೈನರ್’ ಅಂತ ಇತ್ತು, ಮೊಬೈಲಿನಲ್ಲಿ ಚೆಂದದ ಫೋಟೋಗಳಿದ್ದವು, ನಂಬಿದೆವು. ಸಿಂಕ್ ಕೆಳಗಿನ ಕಪಾಟಿಗೆ ಮೆರೈನ್ ಪ್ಲೈ (ನೀರು ತಾಗಿದರೂ ತಡೆಯುವ ಪ್ಲೈವುಡ್) ಎಂದು ದುಡ್ಡು ತಗೊಂಡರು. ಮೊದಲ ಮಳೆಗಾಲಕ್ಕೇ ಬಾಗಿಲು ಉಬ್ಬಿ ಪದರ ಪದರವಾಗಿ ಬಿಟ್ಟುಕೊಂಡಿತು. ಬಿಚ್ಚಿ ನೋಡಿದರೆ ಹಲಗೆಯ ಮೇಲೆ ಐಎಸ್ 303 ಮುದ್ರೆ, ಅಂದರೆ ಸಾಮಾನ್ಯ ಬಳಕೆಯ ಪ್ಲೈ. ಮೆರೈನ್ ಪ್ಲೈ ಆಗಿದ್ದರೆ 710 ಇರಬೇಕಿತ್ತು.

ದುಡ್ಡು ಹೋದರೆ ಹೋಗಲಿ ಎಂದು ಸುಮ್ಮನಾದೆವು. ಆದರೆ ಈ ಬೇಸಿಗೆಯಲ್ಲಿ ಬೆಡ್‌ರೂಮಿನಲ್ಲಿ ಸುಟ್ಟ ವಾಸನೆ ಬಂತು. ವೈರ್‌ಮನ್ ಕರೆಸಿ ಫಾಲ್ಸ್ ಸೀಲಿಂಗ್ ಕೊರೆಸಿದಾಗ ಕಂಡದ್ದು ಏನು ಗೊತ್ತಾ? ಎಸಿಗೆ ದೀಪಕ್ಕೆ ಎಳೆಯುವಂಥ ತೆಳ್ಳನೆಯ ವೈರು, ನಡುವೆ ಬರೀ ಟೇಪ್ ಸುತ್ತಿದ ಜಾಯಿಂಟು, ಅದು ಕರಗಿ ಕಪ್ಪಗಾಗಿ ಪಿಒಪಿಗೆ ಅಂಟಿಕೊಂಡಿತ್ತು. ಅದರ ಕೆಳಗೇ ನನ್ನ ಅಮ್ಮ ಮಲಗುವುದು.

ದೂರು ಕೊಡಲು ಹೊರಟಾಗ ಎಲ್ಲಿಗೆ ಹೋಗಬೇಕೆಂದೇ ಗೊತ್ತಾಗಲಿಲ್ಲ. ಆರ್ಕಿಟೆಕ್ಟ್ ಎಂದು ಹೆಸರು ಹಾಕಿಕೊಳ್ಳಬೇಕಾದರೆ 1972ರ ಕಾಯ್ದೆಯಂತೆ ನೋಂದಣಿ ಬೇಕು. ಬಿಲ್ಡರ್ ಕೈಕೊಟ್ಟರೆ ದೂರು ಕೇಳಲು ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ಪ್ರಾಧಿಕಾರ ಮಹಾರೇರಾ ಇದೆ. ಡಿಸೈನರ್ ಆಗಲು ಮಾತ್ರ ಕಾರ್ಡು ಅಚ್ಚು ಹಾಕಿಸಿದರೆ ಸಾಕು. ಅವರದೇ ಸಂಘಗಳಿವೆ, ಆದರೆ ಸದಸ್ಯರಾಗಲೇಬೇಕೆಂದಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗಬಹುದು ನಿಜ, ಅಲ್ಲಿಗೆ ಕರಾರು, ಬಿಲ್ಲು ತೋರಿಸಬೇಕಲ್ವಾ? ನಮ್ಮ ಹತ್ತಿರ ಇದ್ದದ್ದು ನಾಲ್ಕು ವಾಟ್ಸಾಪ್ ಮೆಸೇಜು.

ಹಾಗಂತ ಡಿಗ್ರಿ, ಪರೀಕ್ಷೆ ಎಂದು ಕಟ್ಟುನಿಟ್ಟು ಮಾಡಿ ಅಂತ ನಾನು ಹೇಳುತ್ತಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಆಫೀಸು, ಅಂಗಡಿಗಳ ಒಳಾಂಗಣ ವಿನ್ಯಾಸಕ್ಕೆ ಓದು, ಅನುಭವ, ಪರೀಕ್ಷೆ ಎಲ್ಲ ಸೇರಿಸಿ ಲೈಸೆನ್ಸ್ ಕಡ್ಡಾಯ ಮಾಡಿದ್ದರು. ಕೆಲಸ ಬಲ್ಲ ಎಷ್ಟೋ ಜನರಿಗೆ ಅದೇ ಅಡ್ಡಗೋಡೆ ಆಯಿತೆಂಬ ದೂರು ಎದ್ದು, 2020ರಲ್ಲಿ ಆ ಕಡ್ಡಾಯ ತೆಗೆದು ಇಷ್ಟವಿದ್ದವರು ನೋಂದಾಯಿಸಿಕೊಳ್ಳಲಿ ಎಂದು ಬಿಟ್ಟರು. ಭಾಂಡುಪ್‌ನಲ್ಲಿ ನಮ್ಮೂರ ಕಡೆಯ ಆಚಾರಿಯೊಬ್ಬರಿದ್ದಾರೆ, ಓದಿದ್ದು ಏಳನೇ ಕ್ಲಾಸು. ಅವರು ನನ್ನ ಅಕ್ಕನ ಮನೆಗೆ ಮಾಡಿಕೊಟ್ಟ ಕಪಾಟಿನ ಬಾಗಿಲು ಇಪ್ಪತ್ತು ವರ್ಷವಾದರೂ ಒಂದು ನೂಲು ಜೋತಿಲ್ಲ. ಅಂಥವರ ಹೊಟ್ಟೆ ಮೇಲೆ ಹೊಡೆಯುವ ಕಾಯ್ದೆ ಖಂಡಿತ ಬೇಡ.

ಬಣ್ಣ, ಪರದೆ, ಸೋಫಾಗೆ ಯಾವ ಲೈಸೆನ್ಸೂ ಬೇಡ. ಆದರೆ ಗೋಡೆ ಒಡೆಯುವವರು, ವೈರಿಂಗ್ ಬದಲಿಸುವವರು, ಲಕ್ಷಗಟ್ಟಲೆ ಅಡ್ವಾನ್ಸ್ ತಗೊಳ್ಳುವವರು ರಾಜ್ಯ ಸರಕಾರದಲ್ಲಿ ಹೆಸರು, ವಿಳಾಸ ಬರೆಸಿ ಒಂದು ನಂಬರ್ ತಗೊಳ್ಳಲಿ. ಫೀಸು ಕಡಿಮೆ ಇರಲಿ. ಯಾವ ಪ್ಲೈ, ಎಷ್ಟು ದಪ್ಪದ ವೈರು ಎಂದು ಎಸ್ಟಿಮೇಟಿನಲ್ಲಿ ಬರೆದು ಸಹಿ ಹಾಕಲಿ. ವೈರಿಂಗ್ ಲೈಸೆನ್ಸ್ ಇದ್ದವರ ಕೈಯಲ್ಲೇ ಆಗಲಿ. ದೂರು ಬಂದರೆ ಆ ನಂಬರಿನ ಮೇಲೆ ವಿಚಾರಣೆ ನಡೆಯಲಿ.

ಹೌಸಿಂಗ್ ಸೊಸೈಟಿಗಳು ಸರಕಾರಕ್ಕೆ ಕಾಯಬೇಕಾಗಿಲ್ಲ. ನಮ್ಮ ಸೊಸೈಟಿ ಕೆಲಸ ಶುರುವಾಗುವ ಮುಂಚೆ ಡಿಪಾಸಿಟ್ ಇಡಿಸಿಕೊಂಡು ಫಾರ್ಮ್ ತುಂಬಿಸುತ್ತದೆ. ಅದರ ಜೊತೆ ಡಿಸೈನರ್ ಸಹಿ ಇರುವ ಎಸ್ಟಿಮೇಟು, ವೈರ್‌ಮನ್ ಲೈಸೆನ್ಸಿನ ಝೆರಾಕ್ಸು ಕೊಡಿ ಎಂದು ಮುಂದಿನ ಮೀಟಿಂಗಿನಲ್ಲಿ ಕೇಳುತ್ತೇನೆ. ಬೇರೆ ಸೊಸೈಟಿಗಳಲ್ಲಿರುವ ಕನ್ನಡಿಗರೂ ಕೇಳಲಿ.

– ಒಬ್ಬ ಓದುಗ, ಡೊಂಬಿವಲಿ