ಕೂತವರ ತಲೆಮೇಲಿನ ದೀಪ ಈಗ ಆರುವುದಿಲ್ಲ

ಕೋಣೆಯಲ್ಲಿ ಜನರಿದ್ದಾಗ ದೀಪ ತಾನೇ ಉರಿಯುವ ಪ್ರಾಜೆಕ್ಟ್ ಮುಗಿಸಲು ದಾರಿ ತೋರಿದ ನಿಮಗೆ ಮನಸಾರೆ ಧನ್ಯವಾದ. ಪಿಐಆರ್ (ಮೈಶಾಖದ ಅತಿಗೆಂಪು ಕಿರಣ ಗ್ರಹಿಸುವ) ಸೆನ್ಸರ್ ಚಲಿಸುವ ಶಾಖವನ್ನಷ್ಟೇ ಗುರುತಿಸುತ್ತದೆ. ಅಲ್ಲಾಡದೆ ಓದುವವರು ಅದರ ಪಾಲಿಗೆ ಇಲ್ಲವೇ ಇಲ್ಲ. ಎಚ್‌ಸಿ-ಎಸ್‌ಆರ್501 ಎಂಬ ಆ ಪಿಐಆರ್ ಸೆನ್ಸರಿಗೆ ಪವರ್ ಕೊಟ್ಟ ಮೊದಲ ನಿಮಿಷದ ಸುಳ್ಳು ಸಿಗ್ನಲ್ಲನ್ನು ಕೋಡ್‌ನಲ್ಲೇ ಕಡೆಗಣಿಸಿ ಎಂದಿರಿ, ಅರ್ಧ ತಲೆನೋವು ಕಳೆಯಿತು.

ಖಾಲಿ ಕೋಣೆಯಲ್ಲೂ ಸೆನ್ಸರಿನ ಔಟ್‌ಪುಟ್ ಏಳುತ್ತಿದ್ದುದಕ್ಕೆ (ಯಾರೋ ಇದ್ದಾರೆ ಎನ್ನುತ್ತಿದ್ದುದಕ್ಕೆ) ದೀಪದ ಸ್ವಿಚ್ಚಾದ ರಿಲೇ ಕಾರಣ. ಅದು ಟಕ್ ಎಂದಾಗಲೆಲ್ಲ 5 ವೋಲ್ಟ್ ಸಪ್ಲೈ ಕುಸಿಯುತ್ತಿತ್ತು. ಸೆನ್ಸರಿನ ಪವರ್ ಪಿನ್ನಿಗೆ ಅಂಟಿದಂತೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್, ರಿಲೇಗೆ ಬೇರೆ ಸಪ್ಲೈ, ಗ್ರೌಂಡ್ ಮಾತ್ರ ಒಂದೇ. ಅಷ್ಟಕ್ಕೇ ಸರಿಹೋಯಿತು.

ಎಲ್‌ಡಿ2410 ರಾಡಾರ್ ಸೇರಿಸಿ ಎಂದದ್ದೇ ದೊಡ್ಡ ಉಪಕಾರ: ಎದೆಯ ಉಸಿರಾಟದ ಏರಿಳಿತವೂ ಅದಕ್ಕೆ ಗೊತ್ತಾಗುತ್ತದೆ. ಫ್ಯಾನಿನ ರೆಕ್ಕೆಯನ್ನೂ ಮನುಷ್ಯನೆಂದು ಎಣಿಸುತ್ತದೆ, ಹಾಗಾಗಿ ಫ್ಯಾನ್ ಇರುವ ದೂರದ ಗೇಟ್‌ಗಳಲ್ಲಿ (ರಾಡಾರ್ ದೂರವನ್ನು ಹಂಚಿಕೊಳ್ಳುವ ತುಂಡುಗಳಲ್ಲಿ) ಸೆನ್ಸಿಟಿವಿಟಿ ಸಂಖ್ಯೆ ಏರಿಸಬೇಕು. ಇಳಿಸುವುದಲ್ಲ! ಅದು ಮಿತಿಯ ಸಂಖ್ಯೆ, ಅದನ್ನು ಮೀರಿದ ಸಿಗ್ನಲ್ ಮಾತ್ರ ಲೆಕ್ಕಕ್ಕೆ. 100 ಇಟ್ಟರೆ ಆ ಗೇಟ್ ಪೂರ್ತಿ ಕುರುಡು. ಇದನ್ನು ಬಿಡಿಸಿ ಹೇಳಿದವರು ನೀವೊಬ್ಬರೇ.