ಕಂಪನಿ ಮಾರಾಟವಾಯಿತು, ನಾವು ಕಟ್ಟಿದ ರೊಕ್ಕ ಎಲ್ಲಿ ಹೋಯಿತು?

ಕೊಪ್ಪಳ ಲೋಕಸಭಾ ಕ್ಷೇತ್ರದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರೇ, ನಮಸ್ಕಾರ.

ಗಂಗಾವತಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಹೆಸರಿಗೆ ಝೆರಾಕ್ಸ್, ಹೊಟ್ಟೆ ತುಂಬುವುದು ಆನ್‌ಲೈನ್ ಕೆಲಸದಿಂದ. ಪಹಣಿ, ಬೆಳೆ ವಿಮೆ, ಮಕ್ಕಳ ಸ್ಕಾಲರ್‌ಶಿಪ್ ಅರ್ಜಿ, ಕರೆಂಟ್ ಬಿಲ್ಲು, ಹೀಗೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಇಂಟರ್ನೆಟ್ ಡಬ್ಬಿ. ಆ ಡಬ್ಬಿಯ ಮೇಲೆ ಸಾಲಾಗಿ ಪುಟ್ಟ ದೀಪಗಳಿವೆ. ಎಲ್ಲ ಹಸಿರಿದ್ದರೆ ಅಂಗಡಿ ನಡೆಯುತ್ತದೆ. ಅದರಲ್ಲೊಂದು ಕೆಂಪಗೆ ಮಿಣುಕಲು ಶುರುವಾದರೆ ಫೈಬರ್ ಎಲ್ಲೋ ತುಂಡಾಗಿದೆ ಅಂತ ಲೆಕ್ಕ. ಆಗ ಶಟರ್ ಎತ್ತಿದ್ದರೂ ಅಂಗಡಿ ಬಂದ್ ಆದ ಹಾಗೆಯೇ.

ಮೊದಲು ನಮಗೆ ನೆಟ್ ಕೊಡುತ್ತಿದ್ದದ್ದು ಒಂದು ಸಣ್ಣ ಕಂಪನಿ. ಕೇಬಲ್ ಟಿವಿ ಕಾಲದಲ್ಲಿ ಮನೆಮನೆಗೆ ವೈರ್ ಎಳೆದವರೇ ಆಮೇಲೆ ಫೈಬರ್ ಎಳೆದರು. ಲೈನ್ ನೋಡುವ ಹುಡುಗನ ನಂಬರ್ ನನ್ನ ಫೋನಿನಲ್ಲಿ 'ನೆಟ್ ಹುಡುಗ' ಅಂತಲೇ ಇದೆ. ಕೆಂಪು ದೀಪ ಬಂದರೆ ಅವನಿಗೆ ಫೋನ್ ಹಚ್ಚುತ್ತಿದ್ದೆ. "ಬಂದೆ ಸರ, ಒಂದ್ ತಾಸು" ಅನ್ನುತ್ತಿದ್ದ. ಒಂದು ತಾಸು ಮೂರಾಗುತ್ತಿತ್ತು, ಆ ಮಾತು ಬೇರೆ. ಬೈಕಿಗೆ ಏಣಿ ಕಟ್ಟಿಕೊಂಡು ಬಂದು, ಜೆಸ್ಕಾಂನ ಕರೆಂಟ್ ಕಂಬ ಹತ್ತಿ, ಫೈಬರ್ ಜೋಡಿಸಿ, ಚಹಾ ಕುಡಿದು ಹೋಗುತ್ತಿದ್ದ. ಆ ಕಂಪನಿಯನ್ನು ಹೊಗಳಲು ಹೊರಟಿಲ್ಲ ನಾನು. ಹೇಳಿದಷ್ಟು ಸ್ಪೀಡ್ ಯಾವತ್ತೂ ಸಿಗಲಿಲ್ಲ, ಜೋರು ಮಳೆ ಬಂದರೆ ನೆಟ್ ಹೋಗುತ್ತಿತ್ತು. ಆದರೆ ಬೈಯಲಿಕ್ಕಾದರೂ ಎದುರಿಗೆ ಒಬ್ಬ ಮನುಷ್ಯ ಇದ್ದ.

ಆ ಕಂಪನಿಯನ್ನು ದೊಡ್ಡ ಕಂಪನಿಯೊಂದು ಕೊಂಡುಕೊಂಡಿತು. ನಮಗೆ ಗೊತ್ತಾಗಿದ್ದು ಒಂದು ಎಸ್ಸೆಮ್ಮೆಸ್ಸಿನಿಂದ, ಅದೂ ಇಂಗ್ಲಿಷಿನಲ್ಲಿ. ನೀವೀಗ ನಮ್ಮ ಪರಿವಾರಕ್ಕೆ ಸೇರಿದಿರಿ ಅಂತ ಅದರಲ್ಲಿತ್ತು. ನಮ್ಮನ್ನೇನೋ ಪರಿವಾರಕ್ಕೆ ಸೇರಿಸಿಕೊಂಡರು, ನಮ್ಮ ಲೆಕ್ಕವನ್ನು ಮಾತ್ರ ಹೊಸ್ತಿಲ ಆಚೆಗೇ ಬಿಟ್ಟರು.

ಹಳೆಯ ಕಂಪನಿಗೆ ನಾನು ಒಂದು ವರ್ಷದ ರೊಕ್ಕ ಮುಂಗಡವಾಗಿ ಕಟ್ಟಿದ್ದೆ. ಹತ್ತು ತಿಂಗಳ ರೊಕ್ಕಕ್ಕೆ ಹನ್ನೆರಡು ತಿಂಗಳು ಸಿಗುತ್ತದೆ ಅನ್ನೋ ಆಸೆಗೆ. ಡಬ್ಬಿಗೆ 1,500 ರೂಪಾಯಿ ಡಿಪಾಸಿಟ್ ಬೇರೆ. ಮಾರಾಟ ಆಗುವಾಗ ನನಗೆ ಇನ್ನೂ ಏಳು ತಿಂಗಳು ಬರಬೇಕಿತ್ತು. ಹೊಸ ಆ್ಯಪಿನಲ್ಲಿ ಖಾತೆ ತೆರೆದು ನೋಡಿದರೆ ಸೊನ್ನೆ. ಡಿಪಾಸಿಟ್ಟಿನ ಸುದ್ದಿಯೇ ಇಲ್ಲ. ಹಳೆಯ ರಸೀದಿಯ ಫೋಟೋ ಕಳಿಸಿದೆ. ಈ ಗ್ರಾಹಕ ಸಂಖ್ಯೆ ನಮ್ಮಲ್ಲಿ ಇಲ್ಲ ಅಂತ ಉತ್ತರ ಬಂತು. ವಿಚಿತ್ರ ಏನೆಂದರೆ, ಮುಂದಿನ ತಿಂಗಳ ಬಿಲ್ಲು ಕಳಿಸಲು ಮಾತ್ರ ನನ್ನ ಹೆಸರು, ನಂಬರ್, ವಿಳಾಸ ಎಲ್ಲ ಅವರಲ್ಲಿ ಸರಿಯಾಗಿಯೇ ಇದ್ದವು.

ಇಷ್ಟೇ ಆಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಬೆಳೆ ವಿಮೆ ಕಟ್ಟುವ ಕಡೇ ದಿನಗಳಲ್ಲಿ ಕೆಂಪು ದೀಪ ಬಂತು. ಅವತ್ತು ಬೆಳಿಗ್ಗೆಯೇ ಮರಳಿ ಊರಿನ ಕಡೆಯ ಒಬ್ಬ ಹಿರಿಯ ರೈತರು ಬಂದು ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಗೊಬ್ಬರದಂಗಡಿಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಪಹಣಿ, ಪಾಸ್‌ಬುಕ್, ಆಧಾರ್, ಎಲ್ಲ ನಾಲ್ಕು ಮಡಿಕೆ. ಮೊದಮೊದಲು "ನೆಟ್ ಬಂತೇನ್ರಿ?" ಅಂತ ನನ್ನನ್ನೇ ಕೇಳುತ್ತಿದ್ದರು. ಹನ್ನೊಂದು ಗಂಟೆಯಷ್ಟೊತ್ತಿಗೆ ನನ್ನನ್ನು ಕೇಳುವುದು ಬಿಟ್ಟು ಗೋಡೆಯ ಡಬ್ಬಿಯನ್ನೇ ನೋಡತೊಡಗಿದರು. "ಇನ್ನೂ ಕೆಂಪೈತಲ್ರಿ" ಅಂದರು. ಮೊಬೈಲ್ ಹಾಟ್‌ಸ್ಪಾಟ್ ಹಾಕಿದೆ. ಪೋರ್ಟಲ್ ತೆರೆಯಿತು, ಫಾರ್ಮ್ ಅರ್ಧ ತುಂಬುವಷ್ಟರಲ್ಲಿ ನಿಂತಿತು. ಮತ್ತೆ ಮೊದಲಿನಿಂದ. ಮೂರನೇ ಸಲಕ್ಕೆ ಅವರು ಚೀಲ ಸುತ್ತಿಕೊಂಡು ಎದ್ದರು. "ನಾಟಿ ಮಂದಿ ಗದ್ದ್ಯಾಗ ಅದಾರ, ನಾಳೆ ಬರ್ತೀನಿ" ಅಂದು ಹೋದರು. ಮರುದಿನವೂ ದೀಪ ಕೆಂಪೇ.

ಕಾಲ್ ಸೆಂಟರಿನ ಕಥೆ ನಿಮಗೂ ಗೊತ್ತಿರಬಹುದು, ಜಾಸ್ತಿ ಹೇಳೋದಿಲ್ಲ. ಕನ್ನಡಕ್ಕೆ ಇಂಥ ಅಂಕಿ ಒತ್ತಿ ಅಂದರು, ಒತ್ತಿದೆ, ಹಿಂದಿ ಬಂತು. ನನ್ನ ಹಿಂದಿ ಲಾರಿ ಡ್ರೈವರುಗಳ ಜೊತೆ ಮಾತಾಡುವಷ್ಟು ಇದೆ, ಹೇಗೋ ಹೇಳಿದೆ. ಡಬ್ಬಿ ಆಫ್ ಮಾಡಿ ಆನ್ ಮಾಡಿ ಅಂದರು. ಕಂಬದ ಮೇಲೆ ಕಡಿದಿರೋ ಫೈಬರ್ ಇಲ್ಲಿ ಸ್ವಿಚ್ ಒತ್ತಿದರೆ ಕೂಡಿಕೊಳ್ಳುತ್ತದೆಯೇ? ಒಂದು ಟಿಕೆಟ್ ನಂಬರ್ ಕೊಟ್ಟರು. ಸಂಜೆಗೆ ಎಸ್ಸೆಮ್ಮೆಸ್ ಬಂತು, ನಿಮ್ಮ ದೂರು ಪರಿಹಾರವಾಗಿದೆ ಅಂತ. ಒಂಬತ್ತು ದಿನದಲ್ಲಿ ಮೂರು ಟಿಕೆಟ್, ಮೂರು ಸಲ ಪರಿಹಾರ. ನೆಟ್ ಹುಡುಗನಿಗೆ ಫೋನ್ ಮಾಡಿದರೆ, "ನಮ್ ಕೈಯಾಗ ಏನೂ ಇಲ್ರಿ ಸರ. ನಮ್ ಆ್ಯಪಿಗೆ ಟಿಕೆಟ್ ಬಂದ್ರ ಮಾತ್ರ ಕಂಬ ಹತ್ತಬೇಕಂತ ಹೇಳ್ಯಾರ" ಅಂದ. ಅವನ ಕಮಿಷನ್ನಿಗೂ ಕತ್ತರಿ ಬಿದ್ದಿದೆಯಂತೆ. ಅವನ ಮೇಲೆ ನನಗೆ ಸಿಟ್ಟಿಲ್ಲ.

ನಮ್ಮೂರಲ್ಲಿ ರೈಸ್ ಮಿಲ್ಲುಗಳೂ ಕೈ ಬದಲಾಗುತ್ತವೆ. ಮಿಲ್ ಕೊಂಡವನು ಮಷಿನ್ ನನ್ನದು, ಗೋದಾಮು ನನ್ನದು, ಒಳಗಿರೋ ಅಕ್ಕಿ ನನ್ನದು, ರೈತರ ಭತ್ತದ ಬಾಕಿ ಮಾತ್ರ ನನಗೆ ಗೊತ್ತಿಲ್ಲ ಅಂದರೆ ಏನಾಗುತ್ತದೆ? ಮರುದಿನವೇ ಗೇಟಿನ ಮುಂದೆ ಟ್ರ್ಯಾಕ್ಟರ್‌ಗಳು ನಿಲ್ಲುತ್ತವೆ. ಈ ಕಂಪನಿಯ ಮುಂದೆ ನಿಲ್ಲಿಸೋಣ ಅಂದರೆ ಗೇಟೇ ಇಲ್ಲ. ಹಳೆಯ ಕಂಪನಿಯ ಆಫೀಸಿದ್ದ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ನಿಯಮ ಇಲ್ಲ ಅಂತಲ್ಲ, ಇವೆ. ಕೆಟ್ಟ ಲೈನ್ ಮೂರು ಕೆಲಸದ ದಿನದೊಳಗೆ ಸರಿಯಾಗದಿದ್ದರೆ ಏಳು ದಿನದ ಬಾಡಿಗೆ ಬಿಡಬೇಕು, ಏಳು ದಿನ ದಾಟಿದರೆ ಹದಿನೈದು ದಿನದ್ದು, ಹದಿನೈದು ದಾಟಿದರೆ ತಿಂಗಳದ್ದು ಅಂತ ಟೆಲಿಕಾಂ ಕಂಪನಿಗಳ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಟ್ರಾಯ್ 2006ರಲ್ಲೇ ಬರೆದಿತ್ತು. 2024ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಗಳು ಬಂದವು. ದೂರಿಗೆ ಉತ್ತರ ಸರಿಯಿಲ್ಲದಿದ್ದರೆ ಕಂಪನಿಯೊಳಗೇ ಮೇಲ್ಮನವಿ ಹಾಕಬಹುದು ಅಂತ 2012ರ ನಿಯಮ ಹೇಳುತ್ತದೆ. ಆದರೆ ಮೇಲ್ಮನವಿ ಹಾಕಲು ಮೊದಲು ದೂರಿನ ನಂಬರ್ ಬೇಕು. ಹಳೆಯ ಬಾಕಿಯ ಬಗ್ಗೆ ದೂರನ್ನೇ ಬರೆದುಕೊಳ್ಳುತ್ತಿಲ್ಲ, ಖಾತೆಯೇ ಇಲ್ಲ ಅನ್ನುತ್ತಾರಲ್ಲ! ಟ್ರಾಯ್ ಬಿಡಿ ಬಿಡಿ ಗ್ರಾಹಕರ ದೂರು ತೆಗೆದುಕೊಳ್ಳುವುದಿಲ್ಲ. ಉಳಿದದ್ದು ಗ್ರಾಹಕರ ಆಯೋಗ. ಟೆಲಿಕಾಂ ದೂರುಗಳನ್ನೂ ಅಲ್ಲಿಗೆ ಒಯ್ಯಬಹುದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಒಳ್ಳೆಯದೇ. ಆದರೆ 1,500 ರೂಪಾಯಿಯ ಡಿಪಾಸಿಟ್ಟಿಗೆ ಅಂಗಡಿ ಮುಚ್ಚಿ ಕೊಪ್ಪಳಕ್ಕೆ ಎಷ್ಟು ಸಲ ಓಡಾಡಲಿ? ನಾವು ಓಡಾಡೋದಿಲ್ಲ ಅನ್ನೋದು ಅವರಿಗೂ ಚೆನ್ನಾಗಿ ಗೊತ್ತು.

ಈಗ ಮುಖ್ಯ ಮಾತು. ಸಂಸತ್ತು ಪಾಸು ಮಾಡಿದ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇಂಥ ಮಾರಾಟ, ವಿಲೀನಗಳ ಬಗ್ಗೆ ಒಂದು ಮಾತಿದೆ. ಮೂಲ ಕಂಪನಿಗೆ ಅನ್ವಯಿಸುತ್ತಿದ್ದ ಷರತ್ತು, ಶುಲ್ಕ ಎಲ್ಲವನ್ನೂ ಹೊಸದಾಗಿ ಬಂದ ಕಂಪನಿ ಪಾಲಿಸಬೇಕು ಅಂತ. ಅಂದರೆ ಕಂಪನಿ ಯಾರ ಕೈಗೆ ಹೋದರೂ ಸರ್ಕಾರಕ್ಕೆ ಬರಬೇಕಾದ ರೊಕ್ಕ ಅದರ ಬೆನ್ನು ಬಿಡುವುದಿಲ್ಲ. ನನ್ನ ಏಳು ತಿಂಗಳು ಮಾತ್ರ ಯಾಕೆ ದಾರಿಯಲ್ಲೇ ಬಿದ್ದುಹೋಗಬೇಕು? ಮುಂಗಡ, ಡಿಪಾಸಿಟ್, ಬಾಕಿ ಇರುವ ದೂರು, ಈ ಮೂರೂ ಗ್ರಾಹಕನ ಹೆಸರಿನ ಜೊತೆಗೇ ಹೊಸ ಕಂಪನಿಗೆ ಹೋಗಬೇಕು, ಹೋಗಿದೆ ಅಂತ ಗ್ರಾಹಕನಿಗೆ ಕನ್ನಡದಲ್ಲಿ ಬರೆದು ತಿಳಿಸಬೇಕು. ಅಲ್ಲಿಯವರೆಗೆ ಹೊಸ ಬಿಲ್ಲು ಕಳಿಸುವ ಹಾಗಿಲ್ಲ ಅಂತ ನಿಯಮ ಮಾಡಿಸಿ. ಸಂಪರ್ಕ ಸಚಿವರಿಗೆ ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಿದರೆ ಮಾತು ಶುರುವಾಗುತ್ತದೆ.

ಶಾಸಕರನ್ನು ಬಿಟ್ಟು ನಿಮಗೇ ಯಾಕೆ ಬರೆದೆ ಅಂದರೆ, ಟೆಲಿಕಾಂ ಕೇಂದ್ರದ ವಿಷಯ. ಅದೂ ಅಲ್ಲದೆ ನಿಮ್ಮ ಕ್ಷೇತ್ರ ಮೂರು ಜಿಲ್ಲೆಗೆ ಹರಡಿದೆ. ರಾಯಚೂರಿನ ಸಿಂಧನೂರು, ಮಸ್ಕಿ ನಿಮ್ಮವೇ, ಬಳ್ಳಾರಿಯ ಸಿರುಗುಪ್ಪವೂ ನಿಮ್ಮದೇ. ಸಿಂಧನೂರಿನಲ್ಲಿ ನನ್ನಂಥದ್ದೇ ಅಂಗಡಿ ಇಟ್ಟಿರುವ ಗೆಳೆಯನೊಬ್ಬ ಇದ್ದಾನೆ. ಅವನದೂ ಇದೇ ಕಥೆ, ತಿಂಗಳ ಲೆಕ್ಕ ಮಾತ್ರ ಬೇರೆ.

ಇನ್ನೊಂದು ಕೆಲಸ ದೆಹಲಿಗೆ ಹೋಗದೆಯೂ ಆಗುತ್ತದೆ. ಕೇಂದ್ರದ ಯೋಜನೆಗಳು ಹೇಗೆ ನಡೆದಿವೆ ಅಂತ ನೋಡುವ ಜಿಲ್ಲೆಯ ದಿಶಾ ಸಮಿತಿ ಸಭೆ ನಡೆಯುವುದು ನಿಮ್ಮ ಅಧ್ಯಕ್ಷತೆಯಲ್ಲಿ, ಡಿಜಿಟಲ್ ಇಂಡಿಯಾ ಅದರ ಪಟ್ಟಿಯಲ್ಲೇ ಇದೆ. ಮುಂದಿನ ಸಭೆಗೆ ಈ ಕಂಪನಿಯ ಜವಾಬ್ದಾರಿ ಇರುವ ಒಬ್ಬರನ್ನು ಕರೆಸಿ. ತಾಲೂಕಿಗೊಂದು ಆಫೀಸು, ಅದರಲ್ಲಿ ಕನ್ನಡ ಬರುವ ಒಬ್ಬರು, ಕಂಬ ಹತ್ತುವ ಹುಡುಗನಿಗೆ ನೇರವಾಗಿ ದೂರು ತೆಗೆದುಕೊಳ್ಳುವ ಅಧಿಕಾರ, ಇಷ್ಟು ಮಾಡಲು ಏನು ಕಷ್ಟ ಅಂತ ಕೇಳಿ.

ಸಭೆ ಯಾವತ್ತು ಅಂತ ಒಂದು ಮಾತು ತಿಳಿಸಿದರೆ ನಾನೂ ಬರುತ್ತೇನೆ. ರಸೀದಿ, ಹೊಸ ಬಿಲ್ಲು, ಮೂರು ಟಿಕೆಟ್ಟು, 'ಪರಿಹಾರವಾಗಿದೆ' ಅನ್ನುವ ಮೂರು ಎಸ್ಸೆಮ್ಮೆಸ್ಸು, ಎಲ್ಲದರ ಪ್ರಿಂಟ್ ತೆಗೆದಿಟ್ಟಿದ್ದೇನೆ. ಎಷ್ಟು ಸೆಟ್ ಬೇಕು ಹೇಳಿ. ಝೆರಾಕ್ಸಿಗೆ ನೆಟ್ ಬೇಕಾಗುವುದಿಲ್ಲ.

ಇಂತಿ,
ಗಂಗಾವತಿಯ ಒಬ್ಬ ಝೆರಾಕ್ಸ್ ಅಂಗಡಿಯವ